ಬಾಯಿ ಇದ್ದೂ ಉಣ್ಣದ ಆಕ್ಟೋಪಸ್, ಉಣ್ಣೋ ಬಾಯೇ ಇಲ್ಲದ ಚಿಟ್ಟೆ

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲಿವೆ, ಕಾರಣ ಆ ವಾಟ್ಸಾಪ್ ಫಾರ್ವರ್ಡು. ನೋಡದೇ ಇರೋರಿಗೆ ಹೇಳ್ತೀನಿ, ಒಂದು ಕಡೆ ಆಕ್ಟೋಪಸ್ ಫೋಟೋ, ಇನ್ನೊಂದು ಕಡೆ ರೇಷ್ಮೆ ಚಿಟ್ಟೆ ಫೋಟೋ, ಕೆಳಗೆ "ಒಂದು ತುತ್ತೂ ತಿನ್ನದೆ ಮಕ್ಕಳಿಗಾಗಿ ಪ್ರಾಣ ಬಿಡುವ ತಾಯಂದಿರು" ಅಂತ ಬರೆದು ಸಾಲಾಗಿ ಕೈ ಮುಗಿಯೋ ಇಮೋಜಿ. ನನಗೂ ನಾಲ್ಕು ಗ್ರೂಪಿಂದ ಬಂತು, ಅದರಲ್ಲೊಂದು ನಮ್ಮ ಅತ್ತೆಯವರೇ ಕಳಿಸಿದ್ದು. ಸರಿ, ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಈ ಸಲ ಇದನ್ನೇ ತಗೊಂಡಿದೀನಿ. ಕಾಗೆ ಬಗ್ಗೆ ಕೇಳಿದ್ದ ಹಾಸನದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಮ್ಮ ಮನೇಲಿ ತಾತನ ಕಾಲದಿಂದ ಹುಳ ಮೇಯಿಸ್ತೀವಿ. ರೇಷ್ಮೆ ಚಿಟ್ಟೆ ಏನೂ ತಿನ್ನಲ್ಲ ಅನ್ನೋದು ಗೊತ್ತು, ಆದ್ರೆ ಆಕ್ಟೋಪಸ್ಸೂ ಹಾಗೇ ಅಂತ ಈ ಫಾರ್ವರ್ಡ್ ನೋಡಿದ ಮೇಲೇ ಗೊತ್ತಾಗಿದ್ದು. ಎರಡೂ ಊಟ ಬಿಡೋದು ಒಂದೇ ಕಾರಣಕ್ಕಾ? ನಿಜವಾಗ್ಲೂ ಮಕ್ಕಳಿಗೋಸ್ಕರಾನಾ? – ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಕಾರಣ ಒಂದೇ ಅಲ್ಲ ಸಾರ್. ಹುಳ ಮೇಯಿಸೋರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ, ಬೇರೆಯವರಿಗೇ ಕಷ್ಟ.

ಮೊದಲು ಚಿಟ್ಟೆ. ನಾವು ಚಿಟ್ಟೆ ಅಂದ್ರೂ ಅದು ಪತಂಗ ಅನ್ನೋದು ನಿಮಗೆ ಗೊತ್ತೇ ಇದೆ. ಅದು ಊಟ "ಬಿಡೋದಿಲ್ಲ", ಅದಕ್ಕೆ ಊಟ ಮಾಡೋ ಬಾಯೇ ಇಲ್ಲ. ಇಡೀ ಜನ್ಮದ ಊಟನ ಹುಳ ಆಗಿದ್ದಾಗಲೇ ಮುಗಿಸಿರುತ್ತೆ. ಮೊಟ್ಟೆ ಒಡೆದು ಬಂದ ಹುಳದ ತೂಕ ಅರ್ಧ ಮಿಲಿಗ್ರಾಂ ಕೂಡ ಇರಲ್ಲ, ಹಣ್ಣಾಗೋ, ಅಂದ್ರೆ ಗೂಡು ಕಟ್ಟೋಕೆ ರೆಡಿ ಆಗೋ ಹೊತ್ತಿಗೆ ನಾಲ್ಕೈದು ಗ್ರಾಂ ಆಗಿರುತ್ತೆ, ಅಂದ್ರೆ 25 ದಿನದ ಆಸುಪಾಸಲ್ಲಿ ಹತ್ತು ಸಾವಿರ ಪಟ್ಟು. ನಾಲ್ಕನೇ ಜ್ವರ, ಅಂದ್ರೆ ಕೊನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಹುಳ ಮನೇಲಿ ರಾತ್ರಿ ಕೂತ್ರೆ ಮಳೆ ಬಂದಂಗೆ ಸರಸರ ಸದ್ದು ಬರುತ್ತಲ್ಲ, ಇಡೀ ಜನ್ಮದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ ಎಂಬತ್ತು ಭಾಗ ಆ ಕೊನೆ ಏಳೆಂಟು ದಿನದಲ್ಲೇ ಹೋಗುತ್ತೆ. ಚಿಕ್ಕವಳಿದ್ದಾಗ ನಾನು ಆ ಸದ್ದು ಕೇಳ್ತಾ ತಟ್ಟೆ ಸ್ಟ್ಯಾಂಡ್ ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಮಲಗ್ತಿದ್ದೆ, ನಡುರಾತ್ರಿ ಅಮ್ಮ ಸೊಪ್ಪು ಹಾಕೋಕೆ ಎದ್ದಾಗ ಕಾಲಿಗೆ ಸಿಕ್ಕಿ ಬೈಸ್ಕೊಂಡಿದ್ದೂ ಇದೆ. ಹಾಗೆ ತಿಂದಿದ್ದರಲ್ಲಿ ಒಂದು ಪಾಲು ನೂಲಾಗುತ್ತೆ, ಒಂದು ಪಾಲು ಕೊಬ್ಬಾಗಿ ಮೈಯಲ್ಲಿ ಉಳಿಯುತ್ತೆ. ಚಿಟ್ಟೆ ಆ ಕೊಬ್ಬಿನ ಮೇಲೇ ಒಂದು ವಾರ ದೂಡುತ್ತೆ, ರಿಟೈರ್ ಆದವರು ಡೆಪಾಸಿಟ್ ಮುರಿಸ್ಕೊಂಡು ತಿಂದಂಗೆ.

ಇನ್ನೊಂದು ಮಾತು, ಬಾಯಿ ಇಲ್ಲ ಅಂದ್ನಲ್ಲ, ಪೂರ್ತಿ ಇಲ್ಲ ಅಂತಲ್ಲ. ಗೂಡಿಂದ ಹೊರಗೆ ಬರುವಾಗ ಬಾಯಿ ಕಡೆಯಿಂದ ಒಂದು ರಸ ಬಿಡುತ್ತೆ, ಗೂಡಿನ ಒಂದು ತುದಿ ಒದ್ದೆ ಆಗೋದನ್ನ ಬಿತ್ತನೆ ಕೋಠೀಲಿ (ಚಿಟ್ಟೆಯಿಂದ ಮೊಟ್ಟೆ ಇಡಿಸಿ ರೈತರಿಗೆ ಕೊಡೋ ಕಡೆ) ಕೆಲಸ ಮಾಡಿದವರು ನೋಡಿರ್ತೀರ. ಆ ರಸದಲ್ಲಿ ಕೊಕೂನೇಸ್ ಅಂತ ಎನ್ಜೈಮ್ ಇರುತ್ತೆ, ನೂಲನ್ನ ಅಂಟಿಸಿರೋ ಸೆರಿಸಿನ್ ಗೋಂದನ್ನ ಅದು ಕರಗಿಸುತ್ತೆ, ಆಮೇಲೆ ಚಿಟ್ಟೆ ಎಳೆಗಳನ್ನ ಪಕ್ಕಕ್ಕೆ ತಳ್ಕೊಂಡು ತಲೆ ಹೊರಗೆ ಹಾಕುತ್ತೆ. ಅಂದ್ರೆ ಬಾಯಿ ಉಳಿದಿರೋದು ಬಾಗಿಲು ತೆಗೆಯೋಕೆ ಮಾತ್ರ, ಉಣ್ಣೋಕಲ್ಲ.

ಈಗ ಆಕ್ಟೋಪಸ್. ಇದರಲ್ಲಿ ಮುನ್ನೂರು ಜಾತಿ ಇವೆ, ನಾನು ಹೇಳ್ತಿರೋದು ಆಕ್ಟೋಪಸ್ ವಲ್ಗಾರಿಸ್ ಬಗ್ಗೆ, ಮೆಡಿಟರೇನಿಯನ್ ಸಮುದ್ರದ್ದು, ಪುಸ್ತಕದಲ್ಲಿ ಆಕ್ಟೋಪಸ್ ಅಂತ ಚಿತ್ರ ಇದ್ರೆ ಸಾಮಾನ್ಯವಾಗಿ ಇದೇ. ಇದರ ಆಯಸ್ಸು ಒಂದರಿಂದ ಎರಡು ವರ್ಷ. ಹೆಣ್ಣು ಬಂಡೆ ಸಂದೀಲಿ ಒಂದು ಗುಹೆ ಹಿಡಿದು ಅದರ ಸೂರಿಗೆ ಮೊಟ್ಟೆ ಮಾಲೆಗಳನ್ನ ಇಳಿಬಿಡುತ್ತೆ, ಒಂದೊಂದು ಮೊಟ್ಟೆ ಅಕ್ಕಿ ಕಾಳಿಗಿಂತ ಸಣ್ಣದು, ಲೆಕ್ಕ ಹಾಕಿದ್ರೆ ಒಂದು ಲಕ್ಷದಿಂದ ಐದು ಲಕ್ಷದವರೆಗೂ ಇರುತ್ತೆ. ನಿಮ್ಮ ಚಿಟ್ಟೆ ಇಡೋದು ನಾನೂರು ಐನೂರು. ಮೊಟ್ಟೆ ಇಟ್ಟ ಮೇಲೆ ಆಕ್ಟೋಪಸ್ ಅಲ್ಲಿಂದ ಕದಲಲ್ಲ, ತೋಳಿಂದ ಮೊಟ್ಟೆಗಳನ್ನ ಸವರಿ ಸವರಿ ಪಾಚಿ ಕೂರದಂಗೆ ನೋಡ್ಕೊಳ್ಳುತ್ತೆ, ಮೈಯಿಂದ ನೀರು ಊದಿ ಊದಿ ಗಾಳಿ ಆಡೋ ಹಂಗೆ ಮಾಡುತ್ತೆ. ನೀರು ಬೆಚ್ಚಗಿದ್ರೆ ಒಂದು ತಿಂಗಳ ಹತ್ರ, ತಣ್ಣಗಿದ್ರೆ ಇನ್ನೂ ಜಾಸ್ತಿ. ಅಷ್ಟು ದಿನಾನೂ ಉಪವಾಸ, ಮೈ ಬಣ್ಣ ಬಿಳುಚಿ ಚರ್ಮ ಸುಲಿದು ಮರಿ ಆಚೆ ಬರೋ ಹೊತ್ತಿಗೆ ಅದರ ಕತೆ ಮುಗಿದಿರುತ್ತೆ.

ಇದಕ್ಕೆ ಬಾಯಿ ಇದೆ, ಗಿಣಿ ಕೊಕ್ಕಿನಂಥ ಗಟ್ಟಿ ಬಾಯಿ, ಏಡಿ ಚಿಪ್ಪನ್ನೇ ಒಡೆಯೋ ಅಂಥದ್ದು. ಏಡೀನೂ ಕಣ್ಣೆದುರಿಗೇ ಓಡಾಡ್ತಿರುತ್ತೆ. ಆದ್ರೂ ತಿನ್ನಲ್ಲ.

1977ರಲ್ಲಿ ಅಮೆರಿಕದ ಬ್ರಾಂಡೈಸ್ ಯುನಿವರ್ಸಿಟಿಯ ಜೆರೋಮ್ ವೋಡಿನ್ಸ್ಕಿ ಅನ್ನೋರು ಇದರ ಗುಟ್ಟು ಹಿಡಿದ್ರು. ಅವರು ತಗೊಂಡಿದ್ದು ಕೆರಿಬಿಯನ್ ಕಡೆಯ ಇನ್ನೊಂದು ಜಾತಿ. ಆಕ್ಟೋಪಸ್ಸಿನ ಎರಡು ಕಣ್ಣಿನ ನಡುವೆ, ಮೆದುಳಿಗೆ ಹತ್ತಿಕೊಂಡು ಆಪ್ಟಿಕ್ ಗ್ಲಾಂಡ್ ಅಂತ ಎರಡು ಪುಟ್ಟ ಗ್ರಂಥಿ ಇವೆ. ಮೊಟ್ಟೆ ಇಟ್ಟು ಕಾವಲಿಗೆ ಕೂತಿದ್ದ ಹೆಣ್ಣುಗಳ ಆ ಎರಡೂ ಗ್ರಂಥಿನ ತೆಗೆದುಹಾಕಿದ್ರು. ಏನಾಯ್ತು ಗೊತ್ತಾ, ತಾಯಿ ಮೊಟ್ಟೆ ಬಿಟ್ಟು ಎದ್ದು ಹೋಯ್ತು, ತಿನ್ನೋಕೆ ಶುರು ಮಾಡ್ತು, ದಪ್ಪ ಆಯ್ತು, ಬದುಕಬೇಕಿದ್ದಕ್ಕಿಂತ ತಿಂಗಳುಗಟ್ಟಲೆ ಜಾಸ್ತಿ ಬದುಕ್ತು. ಫಾರ್ವರ್ಡ್ ಬರೆದವರು ಇದನ್ನ ಎಲ್ಲಿ ಸೇರಿಸ್ತಾರೋ ನೋಡಬೇಕು. ತ್ಯಾಗ ಆಗಿದ್ರೆ ಕಡಲೆ ಕಾಳಿಗಿಂತ ಸಣ್ಣ ಗ್ರಂಥಿ ತೆಗೆದ ತಕ್ಷಣ ಅದು ಎದ್ದು ಊಟಕ್ಕೆ ಹೋಗ್ತಿತ್ತಾ?

ಹಂಗಾಗಿ ಆಕ್ಟೋಪಸ್ಸಿನ ಉಪವಾಸ ನಿಮ್ಮ ಚಿಟ್ಟೆ ಉಪವಾಸದ ಥರ ಅಲ್ಲ ಸಾರ್, ನಿಮ್ಮ ಹುಳದ ಜ್ವರದ ಥರ. ಓದುಗರಲ್ಲಿ ಪೇಟೆಯವರಿಗೆ ಹೇಳಬೇಕಂದ್ರೆ, ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತೆ, ರೈತರು ಅದಕ್ಕೆ ಜ್ವರ ಅಂತಾರೆ, ಒಂದನೇ ಜ್ವರ ಎರಡನೇ ಜ್ವರ ಅಂತ ನಾಲ್ಕನೇದರವರೆಗೆ. ಜ್ವರಕ್ಕೆ ಕೂತ ಹುಳ ತಲೆ ಎತ್ಕೊಂಡು ಅಲುಗಾಡದೆ ಒಂದು ದಿನದ ಹತ್ರ ಹಾಗೇ ಇರುತ್ತೆ, ತಲೆ ಮೇಲೇ ಎಳೇ ಸೊಪ್ಪು ಹಾಕಿದ್ರೂ ಮುಟ್ಟಲ್ಲ. ಬಾಯಿ ಇದೆ, ಸೊಪ್ಪಿದೆ, ಆದ್ರೆ ಒಳಗಿಂದ ಒಂದು ಗ್ರಂಥಿ ಬೇಡ ಅಂತಿದೆ. ಆಕ್ಟೋಪಸ್ಸಿಗೆ ಬರೋದೂ ಅಂಥದ್ದೇ, ಒಂದೇ ವ್ಯತ್ಯಾಸ, ಹುಳ ಜ್ವರ ಬಿಟ್ಟು ಎದ್ದು ಡಬಲ್ ತಿನ್ನುತ್ತೆ, ಆಕ್ಟೋಪಸ್ ಏಳೋದೇ ಇಲ್ಲ.

ಪ್ರಶ್ನೆ: ಆಕ್ಟೋಪಸ್ಸಿನ ಆ ಗ್ರಂಥಿಯಿಂದ ಬರೋದು ಯಾವ ಹಾರ್ಮೋನು? ಕೀಟಗಳ ಹಾರ್ಮೋನಿಗೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ? ಪಿಯುಸಿ ಮಕ್ಕಳಿಗೆ ಪಾಠ ಮಾಡ್ತೀನಿ, ಹುಡುಗರು ಕೇಳಿದ್ರು. – ಉಪನ್ಯಾಸಕಿ, ಮೈಸೂರು

ಉತ್ತರ: ಈ ಪ್ರಶ್ನೆ ಬರಲಿ ಅಂತಾನೇ ಕಾಯ್ತಿದ್ದೆ ಮೇಡಂ.

ವೋಡಿನ್ಸ್ಕಿ ಗ್ರಂಥಿ ತೆಗೆದು ತೋರಿಸಿದ್ರು, ಆದ್ರೆ ಅದರೊಳಗೆ ಏನಿದೆ ಅನ್ನೋದು ನಲವತ್ತು ವರ್ಷ ಆದ್ರೂ ಬಗೆಹರಿದಿರಲಿಲ್ಲ. ಚಿಕಾಗೋ ಯುನಿವರ್ಸಿಟಿಯಲ್ಲಿ ಯಾನ್ ವಾಂಗ್ ಮತ್ತು ಕ್ಲಿಫ್ಟನ್ ರಾಗ್ಸ್‌ಡೇಲ್ ಕ್ಯಾಲಿಫೋರ್ನಿಯಾ ಕಡೆಯ ಎರಡು ಚುಕ್ಕಿ ಆಕ್ಟೋಪಸ್ ಮೇಲೆ ಕೆಲಸ ಮಾಡಿ 2018ರಲ್ಲಿ ಒಂದು, 2022ರಲ್ಲಿ ಇನ್ನೊಂದು ಪೇಪರ್ ಹಾಕಿದ್ರು. ಅವರು ನೋಡಿದ ಪ್ರಕಾರ ತಾಯಿ ಒಂದೇ ಸಲ ಊಟ ಬಿಡಲ್ಲ, ಶುರುವಲ್ಲಿ ಕೆಲವು ದಿನ ಏಡಿ ತಾನಾಗೇ ಹತ್ರ ಬಂದ್ರೆ ಹಿಡ್ಕೊಂಡು ತಿನ್ನುತ್ತೆ, ಹುಡುಕ್ಕೊಂಡು ಮಾತ್ರ ಹೋಗಲ್ಲ, ಆಮೇಲೆ ಅದೂ ನಿಲ್ಲುತ್ತೆ, ಕೊನೆಕೊನೆಗೆ ತೊಟ್ಟಿ ಗೋಡೆಗೆ ಮೈ ಗುದ್ದಿಕೊಳ್ಳೋದು, ತನ್ನ ತೋಳಿನ ತುದಿನೇ ಕಡ್ಕೊಳ್ಳೋದು, ನೋಡೋಕಾಗಲ್ಲ ಬಿಡಿ. ಈ ಹೊತ್ತಲ್ಲಿ ಗ್ರಂಥಿಯೊಳಗೆ ಕೊಲೆಸ್ಟ್ರಾಲಿಗೆ ಸಂಬಂಧಪಟ್ಟ ಕೆಲಸ ಜೋರಾಗಿ ನಡೆದಿರುತ್ತೆ, ಮುಖ್ಯವಾಗಿ ಮೂರು ಥರದ ವಸ್ತು ಜಾಸ್ತಿ ಆಗುತ್ತೆ. ಪ್ರೊಜೆಸ್ಟರಾನ್ ಗುಂಪಿನದ್ದು ಒಂದು, ಪಿತ್ತಾಮ್ಲ ಆಗೋಕೆ ಮುಂಚಿನ ವಸ್ತುಗಳು ಇನ್ನೊಂದು, ಮೂರನೇದು 7-ಡಿಹೈಡ್ರೋಕೊಲೆಸ್ಟ್ರಾಲ್. ಹೆಸರು ಉದ್ದ ಇದೆ ಅಂತ ಓದೋದು ಬಿಡಬೇಡಿ, ಸ್ವಾರಸ್ಯ ಇರೋದೇ ಈ ಮೂರನೇದರಲ್ಲಿ.

ರೇಷ್ಮೆ ಹುಳಕ್ಕೆ ಜ್ವರ ಬರಿಸೋ ಹಾರ್ಮೋನು ಎಕ್ಡೈಸೋನ್. ಇದನ್ನ ಮೊದಲು ಬೇರ್ಪಡಿಸಿದ್ದೂ ರೇಷ್ಮೆ ಹುಳದಿಂದಲೇ, 1954ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್ಸನ್ 500 ಕೆಜಿ ರೇಷ್ಮೆ ಪ್ಯೂಪಾ (ಹುಳ ಗೂಡೊಳಗೆ ಚಿಟ್ಟೆಯಾಗೋ ಹಂತ) ಅರೆದು ಸೋಸಿ ಕಡೆಗೆ ತೆಗೆದಿದ್ದು 25 ಮಿಲಿಗ್ರಾಂ. ಐದು ಕ್ವಿಂಟಾಲ್ ಹಾಕಿದ್ರೆ ಒಂದು ಚಿಟಿಕೆಗೂ ಕಮ್ಮಿ! ಹುಳದ ಎದೆ ಭಾಗದ ಒಂದು ಗ್ರಂಥಿ ಈ ಎಕ್ಡೈಸೋನನ್ನ ಕೊಲೆಸ್ಟ್ರಾಲಿಂದ ಮಾಡುತ್ತೆ, ಮಾಡುವಾಗ ಮೊಟ್ಟಮೊದಲು ಕೊಲೆಸ್ಟ್ರಾಲನ್ನ ಏನಾಗಿ ತಿರುಗಿಸುತ್ತೆ ಅಂದ್ರೆ ಅದೇ 7-ಡಿಹೈಡ್ರೋಕೊಲೆಸ್ಟ್ರಾಲ್. ಆ ಮೆಟ್ಟಿಲು ದಾಟದ ಹುಳಕ್ಕೆ ಜ್ವರಾನೂ ಇಲ್ಲ, ಗೂಡೂ ಇಲ್ಲ, ಚಿಟ್ಟೇನೂ ಇಲ್ಲ.

ಅಂದ್ರೆ ಹುಳವನ್ನ ಬೆಳವಣಿಗೆಯ ಮುಂದಿನ ಹಂತಕ್ಕೆ ತಳ್ಳೋ ದಾರೀಲಿರೋ ವಸ್ತುನೇ ಆಕ್ಟೋಪಸ್ಸಿನ ಸಾಯೋ ಕಾಲದಲ್ಲೂ ಏರುತ್ತೆ. ಹಂಗಂತ ಎರಡರ ಹಾರ್ಮೋನೂ ಒಂದೇ ಅಂತ ಹುಡುಗರಿಗೆ ಹೇಳಿಬಿಡಬೇಡಿ ಮೇಡಂ, ಆಕ್ಟೋಪಸ್ಸಲ್ಲಿ ಆಗೋದು ಬೇರೆ ಕೆಲಸ, ಇವೆರಡರ ವಂಶ ಕವಲೊಡೆದು ಐವತ್ತು ಕೋಟಿ ವರ್ಷಕ್ಕೂ ಮೇಲಾಗಿದೆ. ಮನೆಯಲ್ಲಿರೋ ಒಂದೇ ಹಿಟ್ಟಲ್ಲಿ ಒಬ್ಬರು ರೊಟ್ಟಿ ತಟ್ಟಿದ್ರೆ ಇನ್ನೊಬ್ಬರು ಅಂಬಲಿ ಕಾಸಿದಂಗೆ ಅನ್ಕೊಳ್ಳಿ. ನಮ್ಮ ಚರ್ಮದಲ್ಲೂ ಇದೇ ವಸ್ತು ಇದೆ, ಅದರ ಮೇಲೆ ಬಿಸಿಲು ಬಿದ್ರೆ ವಿಟಮಿನ್ ಡಿ ಆಗುತ್ತೆ. ಆದ್ರೆ ಹುಟ್ಟಿನಿಂದ ಒಂದು ಎನ್ಜೈಮ್ ಕೆಟ್ಟು ಇದು ಮೈಯಲ್ಲಿ ಶೇಖರ ಆಗೋ ಮಕ್ಕಳಿರ್ತಾರೆ, ಸ್ಮಿತ್-ಲೆಮ್ಲಿ-ಓಪಿಟ್ಜ್ ಅಂತ ಆ ಕಾಯಿಲೆ ಹೆಸರು, ಆ ಮಕ್ಕಳಲ್ಲೂ ಎಷ್ಟೋ ಜನ ತಮ್ಮನ್ನ ತಾವೇ ಕಚ್ಚಿಕೊಳ್ತಾರೆ, ತಲೆ ಚಚ್ಚಿಕೊಳ್ತಾರೆ. ಚಿಕಾಗೋದವರು ಆಕ್ಟೋಪಸ್ಸಿನ ಕೊನೆ ದಿನಗಳನ್ನ ಹೋಲಿಸಿದ್ದು ಇದರ ಜೊತೆಗೇ.

ಇನ್ನೊಂದು, ನಿಮ್ಮ ಊರಿಗೇ ಸಂಬಂಧಪಟ್ಟಿದ್ದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು "ಸಂಪೂರ್ಣ" ಅಂತ ಒಂದು ಮದ್ದು ಮಾಡಿದಾರೆ, ಗಿಡದಿಂದ ತೆಗೆದ ಎಕ್ಡೈಸೋನ್ ಜಾತಿಯದ್ದೇ. ನಾಲ್ಕಾರು ಹುಳ ಹಣ್ಣಾಗೋಕೆ ಶುರು ಆದಾಗ ಇದನ್ನ ಸೊಪ್ಪಿಗೆ ಚಿಮುಕಿಸಿ ಹಾಕಿದ್ರೆ ಒಂದು ದಿನದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಾ ಹುಳ ಒಟ್ಟಿಗೆ ಹಣ್ಣಾಗುತ್ತೆ, ಗೂಡು ಕಟ್ಟೋ ತಟ್ಟೆಗೆ, ಅಂದ್ರೆ ಚಂದ್ರಂಕಿಗೆ ಬಿಡೋ ಕೆಲಸ ಒಂದೇ ಸಲಕ್ಕೆ ಮುಗಿಯುತ್ತೆ, ಕೂಲಿ ಉಳಿಯುತ್ತೆ. ಹುಡುಗರನ್ನ ಒಂದ್ಸಲ ಹುಳ ಮನೆಗೆ ಕರ್ಕೊಂಡು ಹೋಗಿ ಇದನ್ನ ತೋರಿಸಿ, ಎಕ್ಡೈಸೋನ್ ಅಂದ್ರೆ ಏನಂತ ಆಮೇಲೆ ಮರೆಯಲ್ಲ.

ಪ್ರಶ್ನೆ: ಎಲ್ಲರೂ ತಾಯಿ ತಾಯಿ ಅಂತೀರ, ಅಪ್ಪ ಏನ್ಮಾಡ್ತಾನೆ? – ಓದುಗರು, ಕುಂದಾಪುರ

ಉತ್ತರ: ಸಾಯ್ತಾನೆ. ಅವನಿಗೂ ಇಮೋಜಿ ಹಾಕ್ಬೇಕಿತ್ತು ನೋಡಿ, ಯಾರೂ ಹಾಕಲ್ಲ.

ಗಂಡು ಆಕ್ಟೋಪಸ್ಸಿನ ಬಲಗಡೆ ಮೂರನೇ ತೋಳು ಬೇರೆ ಥರ ಇರುತ್ತೆ, ವೀರ್ಯದ ಪೊಟ್ಟಣಗಳನ್ನ ಹೆಣ್ಣಿನ ಮೈಯೊಳಗೆ ಇಡೋಕೆ ಅಂತಾನೇ. ಸಾಧ್ಯವಾದಷ್ಟು ದೂರ ಕೂತು ಆ ತೋಳು ಮಾತ್ರ ಚಾಚುತ್ತೆ, ಯಾಕಂದ್ರೆ ಹತ್ರ ಹೋದ್ರೆ ಹೆಣ್ಣು ಹಿಡಿದು ತಿಂದುಬಿಡೋ ಛಾನ್ಸ್ ಇದೆ, ಸುಮ್ನೆ ಹೇಳ್ತಿಲ್ಲ. ಅದಾದ ಮೇಲೆ ಅವನೂ ಊಟ ಬಿಟ್ಟು ಸೊರಗಿ ಮೈಮೇಲೆ ಗಾಯ ಎದ್ದು ಗೊತ್ತುಗುರಿ ಇಲ್ಲದೆ ಅಲೆದು ಸಾಯ್ತಾನೆ. ಕಾಯೋಕೆ ಮೊಟ್ಟೆ ಇಲ್ಲ, ಆದ್ರೂ ಸಾವು ತಪ್ಪಲ್ಲ, ಇದನ್ನ ನೋಡಿದ್ರೇ ಮಕ್ಕಳಿಗಾಗಿ ಅನ್ನೋ ಮಾತು ಅರ್ಧ ಬಿದ್ದುಹೋಗುತ್ತೆ.

ಗಂಡು ಚಿಟ್ಟೆ ಕತೆ ಇನ್ನೂ ಚೆನ್ನಾಗಿದೆ. ಅದಕ್ಕೆ ರೆಕ್ಕೆ ಇದೆ ಹಾರೋಕೆ ಬರಲ್ಲ, ಮನುಷ್ಯರು ಐದು ಸಾವಿರ ವರ್ಷ ಸಾಕಿ ಸಾಕಿ ಹಾರೋದನ್ನೇ ಮರೆಸಿದ್ದಾರೆ. ಹೆಣ್ಣು ಹೊಟ್ಟೆ ತುದಿಯಿಂದ ಒಂದು ವಾಸನೆ ಬಿಡುತ್ತೆ, ನಮ್ಮ ಮೂಗಿಗೆ ಹತ್ತಲ್ಲ, ಗಂಡಿನ ಬಾಚಣಿಗೆ ಥರದ ಮೀಸೆಗೆ ಹತ್ತಿದ ತಕ್ಷಣ ರೆಕ್ಕೆ ಪಟಪಟ ಬಡ್ಕೊಂಡು ಸುತ್ತು ಹಾಕ್ತಾ ಅದರ ಕಡೆಗೆ ನಡೆಯುತ್ತೆ. ರೆಕ್ಕೆ ಬಡಿಯೋದು ಹಾರೋಕಲ್ಲ, ಆ ಗಾಳಿಯನ್ನ ಮೀಸೆ ಕಡೆಗೆ ಎಳ್ಕೊಳ್ಳೋಕೆ. ಆ ವಾಸನೆಯ ವಸ್ತುಗೆ ಬಾಂಬಿಕಾಲ್ ಅಂತ ಹೆಸರು, ಮೇಲೆ ಹೇಳಿದ ಬುಟೆನಾಂಟೇ 1959ರಲ್ಲಿ ಅದನ್ನೂ ಕಂಡುಹಿಡಿದ್ರು, ಆ ಸಲ ಐದು ಲಕ್ಷದಷ್ಟು ಹೆಣ್ಣು ಚಿಟ್ಟೆ ಬೇಕಾಯ್ತು. ಪ್ರಪಂಚದಲ್ಲಿ ಗುರುತು ಹಿಡಿದ ಮೊದಲ ಫೆರೋಮೋನ್, ಅಂದ್ರೆ ಒಂದೇ ಜಾತಿಯ ಪ್ರಾಣಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋ ವಸ್ತು, ಅದು.

ಬಿತ್ತನೆ ಕೋಠೀಲಿ ಗಂಡು ಹೆಣ್ಣು ಜೋಡಿ ಆದ ಮೂರ್ನಾಲ್ಕು ಗಂಟೆಗೆ ಕೈಯಲ್ಲೇ ಬಿಡಿಸ್ತಾರೆ, ಗಂಡನ್ನ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಇನ್ನೊಂದು ಹೆಣ್ಣಿಗೆ ಬಿಡ್ತಾರೆ. ಹೆಣ್ಣನ್ನ ಹಾಳೆ ಮೇಲೆ ಒಂದೊಂದೇ ಪುಟ್ಟ ಮುಚ್ಚಳದ ಕೆಳಗೆ ಮೊಟ್ಟೆ ಇಡೋಕೆ ಬಿಟ್ಟು, ಆಮೇಲೆ ಅದರ ಮೈ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಪೆಬ್ರಿನ್ ರೋಗದ ಕಣ ಕಂಡ್ರೆ ಆ ತಾಯಿ ಮೊಟ್ಟೆ ಅಷ್ಟೂ ಸುಟ್ಟುಹಾಕ್ತಾರೆ. 1865ರಿಂದ ಐದು ವರ್ಷ ದಕ್ಷಿಣ ಫ್ರಾನ್ಸಿನ ಅಲೆಸ್ ಊರಲ್ಲಿ ರೇಷ್ಮೆ ರೋಗದ ಹಿಂದೆ ಬಿದ್ದಿದ್ದ ಲೂಯಿ ಪಾಶ್ಚರ್ ಕಲಿಸಿಕೊಟ್ಟ ದಾರಿ ಇದು, ಇವತ್ತಿಗೂ ನಮ್ಮಲ್ಲಿ ನಡೀತಿರೋದು ಅದೇ.

ಪ್ರಶ್ನೆ: ಮಳೆ ಶುರುವಾದ್ರೆ ನಮ್ಮ ಜಗಲಿ ಲೈಟಿಗೆ ದೊಡ್ಡ ಪತಂಗ ಬರುತ್ತೆ, ರೆಕ್ಕೆ ತುದೀಲಿ ಹಾವಿನ ತಲೆ ಥರ ಚಿತ್ರ. ಅದೂ ಏನೂ ತಿನ್ನಲ್ವಾ? ವೇಷ ಹಾಕೋದ್ರಲ್ಲಿ ಆಕ್ಟೋಪಸ್ ಮೇಲೋ ಇದು ಮೇಲೋ? – ಓದುಗರು, ತೀರ್ಥಹಳ್ಳಿ

ಉತ್ತರ: ಅದು ಅಟ್ಲಾಸ್ ಪತಂಗ, ರೆಕ್ಕೆ ಬಿಚ್ಚಿದ್ರೆ 25 ಸೆಂಟಿಮೀಟರ್ ಹತ್ರ, ಊಟದ ತಟ್ಟೆಯಷ್ಟು. ಹೌದು, ಅದೂ ರೇಷ್ಮೆ ಚಿಟ್ಟೆ ಥರಾನೇ, ದೊಡ್ಡದಾದ ಮೇಲೆ ಏನೂ ತಿನ್ನಲ್ಲ. ದೀಪಕ್ಕೆ ಸುತ್ತು ಹೊಡೆದಷ್ಟೂ ಅದರ ಕೂಡಿಟ್ಟ ಕೊಬ್ಬು ಖರ್ಚು, ತುಂಬೋಕೆ ದಾರಿ ಇಲ್ಲ, ಆದ್ದರಿಂದ ಬಂದಾಗ ಜಗಲಿ ಲೈಟ್ ಒಂಚೂರು ಆಫ್ ಮಾಡಿ. ಹಂಗಂತ ಪತಂಗ ಎಲ್ಲಾ ಉಪವಾಸದವೇ ಅಲ್ಲ, ಸಂಜೆ ಹೊತ್ತು ಹೂವಿನ ಮುಂದೆ ಗಾಳೀಲಿ ನಿಂತು ಉದ್ದನೇ ಕೊಳವೆ ಹಾಕಿ ಮಕರಂದ ಹೀರೋ ಹಾಕ್ ಮಾತ್ ನೋಡಿರ್ತೀರ, ಅದು ಚೆನ್ನಾಗೇ ಕುಡಿಯುತ್ತೆ. ಆಕ್ಟೋಪಸ್ಸಲ್ಲೂ ಅಷ್ಟೆ, ಪೆಸಿಫಿಕ್ ಕಡೆ ಪಟ್ಟೆ ಪಟ್ಟೆ ಇರೋ ಒಂದು ಜಾತಿ ತಿಂಗಳುಗಟ್ಟಲೆ ಮೇಲಿಂದ ಮೇಲೆ ಮೊಟ್ಟೆ ಇಡುತ್ತೆ, ಕಾಯೋವಾಗ ತಿನ್ನುತ್ತೆ ಕೂಡ.

ವೇಷದ ವಿಷಯ. ಅಟ್ಲಾಸ್ ಪತಂಗದ್ದು ಪ್ರಿಂಟ್ ಹಾಕಿದ ಸೀರೆ ಇದ್ದಂಗೆ, ರೆಕ್ಕೆ ಮೇಲಿನ ಪುಡಿಯಂಥ ಸಣ್ಣ ಸಣ್ಣ ಹುರುಪೆಯಲ್ಲಿ ಒಂದ್ಸಲ ಚಿತ್ರ ಬಿತ್ತು ಅಂದ್ರೆ ಮುಗೀತು, ಬದಲಾಯಿಸೋಕಾಗಲ್ಲ. ಆಕ್ಟೋಪಸ್ಸಿನ ಚರ್ಮದಲ್ಲಿ ಬಣ್ಣದ ಪುಟ್ಟ ಚೀಲಗಳಿವೆ, ಪ್ರತಿ ಚೀಲದ ಸುತ್ತ ಸ್ನಾಯು, ಸ್ನಾಯುಗೆ ಮೆದುಳಿಂದ ನರ, ಸ್ನಾಯು ಎಳೆದ್ರೆ ಬಣ್ಣ ಹರಡುತ್ತೆ ಬಿಟ್ರೆ ಮುದುರುತ್ತೆ. ಒಂದ್ಸಲ ಮಲ್ಪೆ ಬಂದರಲ್ಲಿ ಬೋಟಿಂದ ಇಳಿಸಿದ್ದ ಮೀನಿನ ಕ್ರೇಟಲ್ಲಿ ಜೀವ ಇದ್ದ ಒಂದನ್ನ ನೋಡಿದ್ದೆ, ಬೆರಳು ಹತ್ರ ತಗೊಂಡು ಹೋದ್ರೆ ಸಾಕು ಮೈಮೇಲೆ ಕಂದು ಬಣ್ಣ ಮೋಡ ಸರಿದಂಗೆ ಓಡ್ತಿತ್ತು, ಕಣ್ಣು ರೆಪ್ಪೆ ಹೊಡೆಯೋಷ್ಟರಲ್ಲಿ ಬಿಳಿ, ಮತ್ತೆ ಕಂದು. ಒಂದು ತೋಳು ನನ್ನ ಬೆರಳಿಗೆ ಸುತ್ತಿಕೊಳ್ತು, ಬಟ್ಟಲುಗಳು ಒಂದೊಂದಾಗಿ ಅಂಟಿ ಒಂದೊಂದಾಗಿ ಬಿಟ್ವು, ಅದು ನನ್ನನ್ನ ಹಿಡಿದಿದ್ದಲ್ಲ, ರುಚಿ ನೋಡಿದ್ದು. ಆ ಬಟ್ಟಲುಗಳಲ್ಲೇ ರುಚಿ ಹಿಡಿಯೋ ಶಕ್ತಿ ಇದೆ. ಇಷ್ಟೆಲ್ಲಾ ಬಣ್ಣ ಹಾಕೋ ಪ್ರಾಣಿ ಕಣ್ಣಿಗೆ ಬಣ್ಣ ಕಾಣೋ ಜೀವಕೋಶ ಇರೋದು ಒಂದೇ ಥರದ್ದು, ಹೆಚ್ಚುಕಮ್ಮಿ ಬಣ್ಣಗುರುಡು ಅನ್ನಬಹುದು. ಇಂಡೋನೇಷ್ಯಾ ಸಮುದ್ರದಲ್ಲಿ 1998ರಲ್ಲಿ ಕಂಡ ಮಿಮಿಕ್ ಆಕ್ಟೋಪಸ್ ಇನ್ನೂ ಒಂದು ಹೆಜ್ಜೆ ಮುಂದೆ, ಆರು ತೋಳನ್ನ ಬಿಲದೊಳಗೆ ಎಳ್ಕೊಂಡು ಎರಡನ್ನ ಆಚೀಚೆ ಚಾಚಿ ಪಟ್ಟೆ ಪಟ್ಟೆ ಕಡಲ ಹಾವಿನ ಥರ ನಟಿಸುತ್ತೆ. ನಿಮ್ಮ ಪತಂಗ ಹಾವಿನ ಫೋಟೋ ಇಟ್ಕೊಂಡಿದೆ, ಇದು ಹಾವಿನ ಪಾರ್ಟೇ ಮಾಡುತ್ತೆ. ಯಕ್ಷಗಾನದ ಕಡೆಯವರು, ಯಾವುದು ಮೇಲು ಅಂತ ನೀವೇ ಹೇಳಿ.

ಪ್ರಶ್ನೆ: ಆಕ್ಟೋಪಸ್‌ಗೆ ಮೂರು ಹಾರ್ಟ್ ಅಂತೆ, ರಕ್ತ ನೀಲಿ ಅಂತೆ. ರೇಷ್ಮೆ ಹುಳಕ್ಕೆ ಎಷ್ಟು ಹಾರ್ಟ್? ಯಾವುದಕ್ಕೆ ಕಾಲು ಜಾಸ್ತಿ? – 6ನೇ ಕ್ಲಾಸ್, ಹೊಸಕೋಟೆ

ಉತ್ತರ: ಎರಡು ಅಂತೆಯೂ ನಿಜ ಪುಟ್ಟಾ. ಎರಡು ಹಾರ್ಟು ಕಿವಿರುಗಳಿಗೆ ರಕ್ತ ತಳ್ಳೋಕೆ, ಒಂದು ಇಡೀ ಮೈಗೆ. ರಕ್ತದಲ್ಲಿ ನಮ್ಮ ಥರ ಕಬ್ಬಿಣದ ಬದಲು ತಾಮ್ರ ಇರೋದ್ರಿಂದ ನೀಲಿ. ಹುಳಕ್ಕೆ ಒಂದೇ ಹಾರ್ಟು, ಅದೂ ಬೆನ್ನುದ್ದಕ್ಕೂ ಇರೋ ಒಂದು ಕೊಳವೆ. ದೊಡ್ಡ ಹುಳನ ಬೆಳಕಿಗೆ ಹಿಡಿದು ಬೆನ್ನ ಮಧ್ಯ ನೋಡು, ಒಂದು ಗೆರೆ ಮಿಡಿಯೋದು ಕಾಣುತ್ತೆ. ಅದರ ರಕ್ತಕ್ಕೆ ಗಾಳಿ ಹೊರೋ ಕೆಲಸಾನೇ ಇಲ್ಲ, ಮೈ ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕಿ ಇದ್ಯಲ್ಲ, ಒಂದು ಕಡೆಗೆ ಒಂಬತ್ತು, ಅದರಿಂದ ಗಾಳಿ ನೇರ ಒಳಗೆ ಹೋಗುತ್ತೆ. ಕಾಲು ಲೆಕ್ಕ ಹಾಕಿದ್ರೆ ಹುಳನೇ ಗೆಲ್ಲೋದು, ಮುಂದೆ ಆರು ನಿಜವಾದ ಕಾಲು, ಹಿಂದೆ ಹತ್ತು ಮೆತ್ತನೆ ಕಾಲು, ಚಿಟ್ಟೆ ಆದ್ಮೇಲೆ ಬರೀ ಆರು. ಆಕ್ಟೋಪಸ್‌ದು ಕಾಲಲ್ಲ, ಎಂಟು ತೋಳು, ಅದರ ನರಕೋಶ ಒಟ್ಟು 50 ಕೋಟಿ ಇದ್ರೆ ಮೂರರಲ್ಲಿ ಎರಡು ಪಾಲು ತೋಳಲ್ಲೇ ಇವೆ. ಇನ್ನೊಂದು ತಮಾಷೆ ಗೊತ್ತಾ, ಆಕ್ಟೋಪಸ್ಸಿಗೆ ಬಸವನಹುಳು ನೆಂಟ, ರೇಷ್ಮೆ ಹುಳಕ್ಕೆ ಏಡಿ ನೆಂಟ. ಆಕ್ಟೋಪಸ್ ಏಡಿ ತಿನ್ನುತ್ತೆ ಅಂದ್ನಲ್ಲ, ಅಂದ್ರೆ ನಿಮ್ಮ ಹುಳದ ದೂರದ ನೆಂಟನ್ನೇ ತಿನ್ನೋದು.

ಪ್ರಶ್ನೆ: ಅತೀ ಹೆಚ್ಚು ದಿನ ಉಪವಾಸ ಇರೋದು ಯಾವುದು? – ಓದುಗರು, ಗದಗ

ಉತ್ತರ: ಎಲ್ಲಾ ಪ್ರಾಣಿ ಲೆಕ್ಕ ನಾನು ಹೇಳಲಾರೆ, ಮೊಟ್ಟೆ ಕಾಯೋದ್ರಲ್ಲಿ ಈವರೆಗೆ ಗೊತ್ತಿರೋ ದಾಖಲೆ ಕ್ಯಾಲಿಫೋರ್ನಿಯಾದ ಮಾಂಟೆರೆ ಕಡೆ ಸಮುದ್ರದಲ್ಲಿ 1,400 ಮೀಟರ್ ಆಳದಲ್ಲಿದ್ದ ಒಂದು ತಾಯಿ ಆಕ್ಟೋಪಸ್‌ದು. ಗ್ರಾನೆಲೆಡೋನೆ ಅನ್ನೋ ಬೇರೆ ಜಾತಿ. ಬ್ರೂಸ್ ರಾಬಿಸನ್ ಮತ್ತು ಜೊತೆಯವರು ರೋಬೋ ಸಬ್‌ಮರೀನ್ ಇಳಿಸಿ 2007ರಲ್ಲಿ ಬಂಡೆ ಮೇಲೆ ಮೊಟ್ಟೆ ಕಾಯ್ತಿದ್ದ ಅದನ್ನ ನೋಡಿದ್ರು, ಮೈಮೇಲಿನ ಗಾಯದ ಗುರುತಿಂದ ಅದೇ ತಾಯಿ ಅಂತ ಪಕ್ಕಾ ಮಾಡ್ಕೊಂಡು ಮತ್ತೆ ಮತ್ತೆ ಹೋದ್ರು, ಹೋದಾಗೆಲ್ಲಾ ಅಲ್ಲೇ ಕೂತಿತ್ತು, ರೋಬೋ ಕೈಯಿಂದ ಏಡಿ ತುಂಡು ಕೊಟ್ರೂ ತಗೊಳ್ಳಲಿಲ್ಲ. 53 ತಿಂಗಳಾದ ಮೇಲೆ 2011ರಲ್ಲಿ ಹೋದಾಗ ಬಂಡೆ ಮೇಲೆ ಒಡೆದ ಮೊಟ್ಟೆ ಸಿಪ್ಪೆ ಮಾತ್ರ ಇತ್ತು. ನೀರು ಫ್ರಿಜ್ಜಿನಷ್ಟು ತಣ್ಣಗಿದ್ದಿದ್ರಿಂದ ಮರಿಗಳು ಬೆಳೆಯೋದೂ ನಿಧಾನ, ತಾಯಿಯ ಮೈ ಕರಗೋದೂ ನಿಧಾನ. ತ್ಯಾಗ ಗೀಗ ಅಂತ ಮೇಲೆಲ್ಲಾ ರೇಗಾಡಿದೀನಿ ನಿಜ, ಆದ್ರೂ ಆ ಖಾಲಿ ಬಂಡೆ ಫೋಟೋ ನೋಡಿದಾಗ ನನಗೂ ಒಂದ್ನಿಮಿಷ ಮಾತು ಬರಲಿಲ್ಲ.

ಪ್ರಶ್ನೆ: ಆಂಟಿ, ನಮ್ಮ ಅಜ್ಜಿ ಊರಿಂದ ಒಂದೆರಡು ಗೂಡು ತಂದು ಡಬ್ಬೀಲಿ ಇಟ್ಟಿದ್ದೆ, ಚಿಟ್ಟೆ ಹೊರಗೆ ಬಂದಿದೆ, ಎರಡು ಬಂತು. ಸಕ್ಕರೆ ನೀರು ಇಟ್ಟಿದೀನಿ ಕುಡೀತಿಲ್ಲ. ಏನ್ಮಾಡ್ಲಿ? – 8ನೇ ಕ್ಲಾಸ್, ಬೆಂಗಳೂರು

ಉತ್ತರ: ಸಕ್ಕರೆ ನೀರು ತೆಗೆದುಬಿಡು, ಇರುವೆ ಬಂದ್ರೆ ಕಷ್ಟ. ಬಂದ ತಕ್ಷಣ ಕಂದು ನೀರು ಬಿಟ್ಟಿದ್ರೆ ಗಾಬರಿ ಆಗ್ಬೇಡ, ಪ್ಯೂಪಾ ಆಗಿದ್ದಾಗಿನ ಕಸ ಅದು. ಡಬ್ಬಿ ತಳಕ್ಕೆ ಒಂದು ಬಿಳಿ ಹಾಳೆ ಹಾಕಿ ಮುಚ್ಚಳ ತೆಗೆದಿಡು, ಹಾರಿಹೋಗಲ್ಲ. ಹೊಟ್ಟೆ ದಪ್ಪ ಇದ್ದು ಒಂದೇ ಕಡೆ ಕೂತಿರೋದು ಹೆಣ್ಣು, ರೆಕ್ಕೆ ಬಡ್ಕೊಂಡು ಸುತ್ತುತ್ತಾ ಇರೋದು ಗಂಡು. ಒಂದು ಗಂಡು ಒಂದು ಹೆಣ್ಣು ಆಗಿದ್ರೆ ಜೋಡಿ ಆಗುತ್ತೆ, ಮಾರನೇ ದಿನದೊಳಗೆ ಹಾಳೆ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆ ನಾನೂರರ ಹತ್ರ ಇರುತ್ತೆ. ಎರಡೂ ಹೆಣ್ಣಾಗಿದ್ರೂ ಮೊಟ್ಟೆ ಇಡುತ್ತೆ, ಅದು ಹಳದಿಯಾಗೇ ಇದ್ದು ಒಣಗಿ ಗುಳಿ ಬೀಳುತ್ತೆ ಅಷ್ಟೆ. ಜೋಡಿ ಆಗಿ ಇಟ್ಟ ಮೊಟ್ಟೆ ಒಂದೆರಡು ದಿನದಲ್ಲಿ ಬೂದು ಬಣ್ಣಕ್ಕೆ ತಿರುಗಿ ಹಾಗೇ ನಿಂತ್ರೆ ಅದು ಬೈವೋಲ್ಟೀನ್, ಅಂದ್ರೆ ವರ್ಷಕ್ಕೆ ಎರಡೇ ತಲೆಮಾರಿನ ತಳಿ, ತಿಂಗಳುಗಟ್ಟಲೆ ಒಡೆಯಲ್ಲ. ನಾಡು ತಳಿ ಆಗಿದ್ರೆ ಹತ್ತು ದಿನಕ್ಕೆಲ್ಲಾ ಕಪ್ಪು ದಾರದ ಚೂರಿನಂಥ ಮರಿಹುಳ ಹಾಳೆ ತುಂಬಾ ಹರಿದಾಡುತ್ತೆ. ಹಾಗಾಗಿ ಈಗಲೇ ನಿಮ್ಮ ಏರಿಯಾ ಪಾರ್ಕಲ್ಲಿ ಎಲ್ಲಾದ್ರೂ ಹಿಪ್ಪುನೇರಳೆ ಗಿಡ ಇದೆಯಾ ಅಂತ ನೋಡ್ಕೊ, ಔಷಧಿ ಹೊಡೆದಿರಬಾರದು, ತುದಿಯ ಎಳೇ ಸೊಪ್ಪೇ ಬೇಕು. ಸಿಗ್ಲಿಲ್ಲ ಅಂದ್ರೆ ಮೊಟ್ಟೆ ಒಡೆಯೋಕೆ ಮುಂಚೆ ಹಾಳೆ ಸಮೇತ ಅಜ್ಜಿ ಊರಿನ ಬಸ್ಸು ಹತ್ತು.